ತಲೆ ಎಣಿಸುವ ಮೊದಲು ಬದು ನೋಡಿ: ನಿಮ್ಮ ಜಿಲ್ಲೆಯ ಜನಸಂಖ್ಯೆ ಮತ್ತು ಆಡಳಿತದ ಚಿತ್ರ ಬರೆದುಕೊಳ್ಳುವ ಬಗೆ

2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 25,36,069. 2011ರ ಜನಗಣತಿಯಲ್ಲಿ 15,36,401. ಹತ್ತೇ ವರ್ಷಗಳಲ್ಲಿ ಹತ್ತು ಲಕ್ಷ ಜನ ಕಡಿಮೆ! ಬತ್ತಿದ ಕೊಳವೆಬಾವಿಗಳು, ಮುಚ್ಚಿದ ಚಿನ್ನದ ಗಣಿ, ಕೂಗಳತೆಯಲ್ಲೇ ಬೆಂಗಳೂರು: ಕಾರಣಗಳಿಗೇನೂ ಬರವಿಲ್ಲ. ಹಿಂದೊಮ್ಮೆ ನಾನೂ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು, ವಲಸೆಯ ಬಗ್ಗೆ ಪುಟವಿಡೀ ಮರುಗಿ ಬರೆದು, ನಮ್ಮ ಕಡೆಯ ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿ ಮುಗಿಸಿ, "ಎಲ್ಲ ಸರಿ, ಇದರಲ್ಲಿ ಚಿಕ್ಕಬಳ್ಳಾಪುರ ಎಲ್ಲಿ ಹೋಯಿತಪ್ಪ?" ಎಂದರು.

2007ರಲ್ಲಿ ಹನ್ನೊಂದು ತಾಲ್ಲೂಕುಗಳ ಹಳೆಯ ಕೋಲಾರ ಜಿಲ್ಲೆ ಒಡೆದು ಎರಡಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಈ ಆರು ಹೊಸ ಜಿಲ್ಲೆಗೆ ಬಂದವು. ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಹಳೆಯದರಲ್ಲೇ ಉಳಿದವು. ಜನ ಎಲ್ಲಿಗೂ ಹೋಗಿರಲಿಲ್ಲ, ಹೊಲದ ನಡುವೆ ಹೊಸ ಬದು ಬಿದ್ದಿತ್ತು ಅಷ್ಟೆ. ಇಂದಿನ ಗಡಿಯೊಳಗೆ ಲೆಕ್ಕ ಹಾಕಿದರೆ 2001ರಲ್ಲಿ ಕೋಲಾರದಲ್ಲಿ 13,87,062 ಜನರಿದ್ದರು, ಚಿಕ್ಕಬಳ್ಳಾಪುರದಲ್ಲಿ 11,49,007. ಎರಡೂ ಜಿಲ್ಲೆಗಳು ಮುಂದಿನ ಹತ್ತು ವರ್ಷಗಳಲ್ಲಿ ಬೆಳೆದಿವೆ.

ಪಂಚಾಯಿತಿಗೆ ಹೊಸದಾಗಿ ಆಯ್ಕೆಯಾದವರು, ಪದವಿ ತರಗತಿಗೆ ಯೋಜನಾ ವರದಿ ಬರೆಯುವವರು, ಊರಿನ ಸಂಘಕ್ಕೆ ಮನವಿಪತ್ರ ಸಿದ್ಧಪಡಿಸುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಎಲ್ಲರಿಗೂ ಒಂದಲ್ಲ ಒಂದು ದಿನ ಇಂಥ ಲೆಕ್ಕ ಬೇಕಾಗುತ್ತದೆ. ನಾಲ್ಕು ಹಾಳೆಯ ನೋಟ್‌ಪುಸ್ತಕ, ಒಂದು ಮೊಬೈಲ್, ಎರಡು ಅರ್ಧ ದಿನಗಳ ಬಿಡುವು ಇದ್ದರೆ ಸಾಕು. ಉದಾಹರಣೆಗೆ ಚಿಕ್ಕಬಳ್ಳಾಪುರವನ್ನು ಇಟ್ಟುಕೊಂಡಿದ್ದೇನೆ, ನಡುನಡುವೆ ಕೋಲಾರ, ತುಮಕೂರಿಗೂ ಹೋಗಿಬರುತ್ತೇನೆ.

ಮೊದಲ ಹೆಜ್ಜೆ: ಗಡಿಗೆ ತಾರೀಖು ಹಾಕಿ

ಮೊದಲ ಹಾಳೆಯಲ್ಲಿ ಒಂದೇ ಒಂದು ಸಂಖ್ಯೆಯನ್ನೂ ಬರೆಯಬೇಡಿ. ಜಿಲ್ಲೆ ಯಾವಾಗ ಹುಟ್ಟಿತು, ಯಾವುದರಿಂದ ಒಡೆದು ಬಂತು, ತಾಲ್ಲೂಕುಗಳು ಎಷ್ಟು, ಅವುಗಳಲ್ಲಿ ಹೊಸವು ಯಾವುವು ಎಂದು ಮಾತ್ರ ಬರೆಯಿರಿ. ಚಿಕ್ಕಬಳ್ಳಾಪುರದ ಹಾಳೆಯಲ್ಲಿ ಈಗ ಎಂಟು ಹೆಸರುಗಳು ಬರುತ್ತವೆ: ಮೊದಲಿನ ಆರು, ಜೊತೆಗೆ ಮಂಚೇನಹಳ್ಳಿ ಮತ್ತು ಚೇಳೂರು. ಈ ಎರಡೂ 2011ರ ಜನಗಣತಿ ಮುಗಿದ ಮೇಲೆ ತಾಲ್ಲೂಕಾದವು. ಹಾಗಾಗಿ 2011ರ ಕೋಷ್ಟಕದಲ್ಲಿ ಮಂಚೇನಹಳ್ಳಿ ತಾಲ್ಲೂಕಿನ ಜನಸಂಖ್ಯೆ ಹುಡುಕಿದರೆ ಸಿಗುವುದಿಲ್ಲ. ಅದು ಆಗ ಗೌರಿಬಿದನೂರಿನ ಒಂದು ಹೋಬಳಿ, ಚೇಳೂರು ಬಾಗೇಪಲ್ಲಿಯೊಳಗಿನದು. ಲೆಕ್ಕ ಬೇಕೇಬೇಕು ಎನ್ನುವವರು ಹೊಸ ತಾಲ್ಲೂಕಿಗೆ ಸೇರಿದ ಗ್ರಾಮಗಳ ಪಟ್ಟಿ ಹಿಡಿದು, ಒಂದೊಂದೇ ಗ್ರಾಮದ 2011ರ ಸಂಖ್ಯೆ ಕೂಡಿಸಬೇಕು. ಒಂದು ಸಂಜೆಯ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಹೆಸರು ಬದಲಾದುದನ್ನೂ ಇದೇ ಹಾಳೆಯಲ್ಲಿ ಗುರುತಿಸಿ. 2014ರ ನವೆಂಬರ್ 1ರಿಂದ ತುಮಕೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. 2011ರ ದಾಖಲೆಗಳಲ್ಲಿ ಹಳೆಯ ಕಾಗುಣಿತವೇ ಇದೆ, ಕಂಪ್ಯೂಟರಿನಲ್ಲಿ ಹೊಸ ಕಾಗುಣಿತ ಹಾಕಿ ಹುಡುಕಿದರೆ ಜಿಲ್ಲೆಯೇ ಮಾಯ. 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟ ಬಾಗೇಪಲ್ಲಿಯನ್ನು ಭಾಗ್ಯನಗರ ಎಂದು ಕರೆಯಲು ಒಪ್ಪಿದೆ. ಇನ್ನು ಹತ್ತು ವರ್ಷಗಳ ನಂತರ ಎರಡೂ ಹೆಸರುಗಳ ಕೋಷ್ಟಕ ನೋಡುವ ವಿದ್ಯಾರ್ಥಿ ಇವೆರಡು ಬೇರೆ ಬೇರೆ ಊರು ಎಂದುಕೊಂಡರೆ ಅವನ ತಪ್ಪೇನಿಲ್ಲ.

ಎರಡನೆಯ ಹೆಜ್ಜೆ: ಒಂದೇ ಊರಿಗೆ ಎರಡು ಏಣಿ

ಜಿಲ್ಲೆಯ ಆಡಳಿತ ಎಂದರೆ ಒಂದು ಏಣಿ ಎಂದು ಬಹಳ ಜನ ತಿಳಿದಿರುತ್ತಾರೆ. ಹಳ್ಳಿಯ ಗೋಡೆಗೆ ಒರಗಿಸಿರುವುದು ಎರಡು ಏಣಿಗಳನ್ನು. ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವರಲ್ಲಿ ಅರ್ಧದಷ್ಟು ಜನ ತಪ್ಪು ಏಣಿ ಹತ್ತಿದವರು.

ಒಂದು ಕಂದಾಯದ ಏಣಿ. ಕೆಳಗಿನ ಮೆಟ್ಟಿಲು ಕಂದಾಯ ಗ್ರಾಮ. ಕೆಲವು ಗ್ರಾಮಗಳನ್ನು ಸೇರಿಸಿದರೆ ಒಂದು ವೃತ್ತ, ಅದಕ್ಕೆ ಗ್ರಾಮ ಆಡಳಿತ ಅಧಿಕಾರಿ. ಹಿಂದೆ ಇವರನ್ನೇ ಗ್ರಾಮ ಲೆಕ್ಕಿಗರು ಎನ್ನುತ್ತಿದ್ದೆವು, ಊರವರ ಬಾಯಲ್ಲಿ ಈಗಲೂ ಅದೇ ಹೆಸರು. ವೃತ್ತಗಳ ಮೇಲೆ ಹೋಬಳಿ. ಅಲ್ಲಿ ಕಂದಾಯ ನಿರೀಕ್ಷಕರು, ನಾಡ ಕಚೇರಿ, ಉಪ ತಹಶೀಲ್ದಾರ್. ಅದರ ಮೇಲೆ ತಾಲ್ಲೂಕು, ತಹಶೀಲ್ದಾರ್. ಅದರ ಮೇಲೆ ಉಪವಿಭಾಗ, ಉಪವಿಭಾಗಾಧಿಕಾರಿ. ತುದಿಯಲ್ಲಿ ಜಿಲ್ಲಾಧಿಕಾರಿ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ, ಜಮೀನಿನ ಹಕ್ಕು ಬದಲಾವಣೆ ಎಲ್ಲವೂ ಈ ಏಣಿಯ ಕೆಲಸ.

ಇನ್ನೊಂದು ಪಂಚಾಯಿತಿಯ ಏಣಿ. ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಇಲ್ಲಿ ಅನುಕ್ರಮವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಾರ್ಯನಿರ್ವಾಹಕ ಅಧಿಕಾರಿ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಕೂರುತ್ತಾರೆ. ಜನರು ಪಿಡಿಒ, ಇಒ, ಸಿಇಒ ಎಂದು ಮೊಟಕು ಮಾಡಿಕೊಂಡಿದ್ದಾರೆ. ಚರಂಡಿ, ಬೀದಿದೀಪ, ಕುಡಿಯುವ ನೀರು, ಮನೆ ಖಾತೆ, ಉದ್ಯೋಗ ಖಾತರಿಯ ಕೂಲಿ ಇವರ ಪಾಲಿನವು. ಹೊಲದ ಪಹಣಿಗೆ ಪಿಡಿಒ ಬಳಿ ಹೋದರೂ ಮನೆಯ ಖಾತೆಗೆ ನಾಡ ಕಚೇರಿಗೆ ಹೋದರೂ ಆಗುವುದು ಬಸ್ಸಿನ ಖರ್ಚು ಮಾತ್ರ.

ಈ ಏಣಿಗಳ ಮೆಟ್ಟಿಲುಗಳು ಒಂದಕ್ಕೊಂದು ಸರಿಹೊಂದುವುದಿಲ್ಲ. ಕಂದಾಯದ ಕಡೆ ಇರುವ ಹೋಬಳಿಗೆ ಪಂಚಾಯಿತಿ ಕಡೆ ಜೋಡಿ ಇಲ್ಲ. ಶಿಡ್ಲಘಟ್ಟ ತಾಲ್ಲೂಕಿನವರು ತಮ್ಮ ಊರನ್ನು ಜಂಗಮಕೋಟೆ ಹೋಬಳಿ, ಸಾದಲಿ ಹೋಬಳಿ, ಬಶೆಟ್ಟಹಳ್ಳಿ ಹೋಬಳಿ ಎಂದು ಹೇಳಿ ಗುರುತು ಕೊಡುತ್ತಾರೆ. ಆದರೆ ಹೋಬಳಿಗೆ ಚುನಾಯಿತ ಸಂಸ್ಥೆ ಎಂಬುದಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಹೀಗಾಗಿ ಸದಸ್ಯರ ಹೆಸರು ಬರೆಯುವಾಗ ಅವಧಿಯನ್ನೂ ಬರೆಯುವುದು ಒಳ್ಳೆಯದು, ಇಲ್ಲವಾದರೆ ಮಾಜಿಗಳು ಹಾಲಿಗಳಾಗಿಬಿಡುತ್ತಾರೆ.

ಇಲ್ಲೊಂದು ಚಿಕ್ಕ ಪರೀಕ್ಷೆ ಮಾಡಿ ನೋಡಬಹುದು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಸಂಖ್ಯೆ ಇರಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 157 ಗ್ರಾಮ ಪಂಚಾಯಿತಿಗಳಿವೆ. 2011ರಲ್ಲಿ ಜಿಲ್ಲೆಯ ಒಟ್ಟು ಜನ 12,55,104. ಅವರಲ್ಲಿ ನೂರಕ್ಕೆ ಸುಮಾರು 22 ಜನ ಪಟ್ಟಣವಾಸಿಗಳು. ಉಳಿದ ಹಳ್ಳಿಯ ಜನರನ್ನು 157ರಿಂದ ಭಾಗಿಸಿದರೆ ಒಂದೊಂದು ಪಂಚಾಯಿತಿಗೆ ಸರಾಸರಿ 6,200ರ ಆಸುಪಾಸು ಬರುತ್ತದೆ, ಕಾಯ್ದೆ ಹೇಳಿದ ಮಿತಿಯೊಳಗೇ. 400 ಜನರಿಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯ ಎಂಬುದು ಇನ್ನೊಂದು ನಿಯಮ. 6,200 ಜನರ ಪಂಚಾಯಿತಿಗೆ 16 ಸದಸ್ಯರು. ನಿಮ್ಮ ಪಂಚಾಯಿತಿಯ ಸದಸ್ಯರನ್ನು ಎಣಿಸಿ 400ರಿಂದ ಗುಣಿಸಿದರೆ ಜನಸಂಖ್ಯೆಯ ಒರಟು ಅಂದಾಜು ಕೈಬೆರಳಲ್ಲೇ ಸಿಗುತ್ತದೆ. ಯಾರಾದರೂ ಪುಸ್ತಕದ ಸಂಖ್ಯೆ ಹೇಳಿ ಹೆದರಿಸಿದಾಗ ಈ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ.

ಪಟ್ಟಣಗಳು ಈ ಎರಡನೆಯ ಏಣಿಯಿಂದ ಹೊರಗೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿಗೆ ನಗರಸಭೆ; ಬಾಗೇಪಲ್ಲಿಗೆ ಪುರಸಭೆ; ಗುಡಿಬಂಡೆಗೆ ಪಟ್ಟಣ ಪಂಚಾಯಿತಿ. ಜಿಲ್ಲಾ ಕೇಂದ್ರವೇ ಜಿಲ್ಲೆಯ ದೊಡ್ಡ ಊರು ಎಂದು ಬರೆದುಬಿಡಬೇಡಿ: 2011ರಲ್ಲಿ ಚಿಕ್ಕಬಳ್ಳಾಪುರ ಪಟ್ಟಣದ ಜನಸಂಖ್ಯೆ 63,652, ಚಿಂತಾಮಣಿಯದು 76,068. ಅದೇ ವರ್ಷ ಗುಡಿಬಂಡೆ ಪಟ್ಟಣದಲ್ಲಿ ಇದ್ದವರು 9,441 ಜನ. ಎಂಟೇ ಗ್ರಾಮ ಪಂಚಾಯಿತಿ, ಎರಡೇ ಹೋಬಳಿ ಇರುವ ತಾಲ್ಲೂಕು ಅದು. ಜಿಲ್ಲೆಯ ಸರಾಸರಿ ಹೇಳುವಾಗ ಗುಡಿಬಂಡೆಯವರನ್ನು ಚಿಂತಾಮಣಿಯವರ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಿದ್ದೇವೆ ಎಂಬ ನೆನಪಿರಲಿ.

ಮೂರನೆಯ ಹೆಜ್ಜೆ: ಮಿಕ್ಕ ಬೇಲಿಗಳು

ಎರಡು ಏಣಿ ಸಾಲದು ಎಂಬಂತೆ ಪ್ರತಿ ಇಲಾಖೆಯೂ ತನ್ನದೇ ಬೇಲಿ ಹಾಕಿಕೊಂಡಿದೆ.

ಮತಕ್ಷೇತ್ರವನ್ನೇ ನೋಡಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಐದು ವಿಧಾನಸಭಾ ಕ್ಷೇತ್ರಗಳು: ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ತಾಲ್ಲೂಕಾಗಿ ಎಷ್ಟೋ ಕಾಲವಾದರೂ ಗುಡಿಬಂಡೆಗೆ ತನ್ನದೇ ಕ್ಷೇತ್ರವಿಲ್ಲ, ಅದು ಬಾಗೇಪಲ್ಲಿಯೊಳಗೆ. ಮಂಚೇನಹಳ್ಳಿಯವರು ಕಂದಾಯಕ್ಕೆ ಗೌರಿಬಿದನೂರಿನವರಾಗಿದ್ದ ಕಾಲದಲ್ಲೇ ಮತಕ್ಕೆ ಚಿಕ್ಕಬಳ್ಳಾಪುರದವರು. ಲೋಕಸಭೆಗೆ ಬಂದರೆ ಗೊಂದಲ ಇನ್ನೂ ಜೋರು. ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಈ ಜಿಲ್ಲೆಯವು ಮೂರು ಮಾತ್ರ. ಮಿಕ್ಕವು ಯಲಹಂಕ, ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ. ಶಿಡ್ಲಘಟ್ಟ, ಚಿಂತಾಮಣಿಯವರು ಮತ ಹಾಕುವುದು ಕೋಲಾರ ಲೋಕಸಭಾ ಕ್ಷೇತ್ರಕ್ಕೆ. ಹಾಗಾಗಿ 'ಚಿಕ್ಕಬಳ್ಳಾಪುರದಲ್ಲಿ ಇಷ್ಟು ಮತದಾರರು' ಎಂಬ ಸುದ್ದಿ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ: ಜಿಲ್ಲೆಯೋ, ಲೋಕಸಭಾ ಕ್ಷೇತ್ರವೋ, ವಿಧಾನಸಭಾ ಕ್ಷೇತ್ರವೋ? ಮೂರಕ್ಕೂ ಒಂದೇ ಹೆಸರು, ಜನ ಮಾತ್ರ ಬೇರೆ ಬೇರೆ. ತುಮಕೂರಿನಲ್ಲೂ ಇದೇ ಕಥೆ. ಶಿರಾ, ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿವೆ, ಕುಣಿಗಲ್ ಬೆಂಗಳೂರು ಗ್ರಾಮಾಂತರದಲ್ಲಿ.

ಅಂಚೆಯ ಪಿನ್ ಕೋಡ್ ನೋಡಿ ಜಿಲ್ಲೆ ಹೇಳುವವರು ಇನ್ನೊಂದು ಬಗೆ. ಚಿಕ್ಕಬಳ್ಳಾಪುರ 562101, ಬಾಗೇಪಲ್ಲಿ 561207, ಚಿಂತಾಮಣಿ 563125. ಒಂದೇ ಜಿಲ್ಲೆ, ಮೂರು ಬಗೆಯ ಆರಂಭ. ವಾಹನದ ಸಂಖ್ಯಾಫಲಕದಲ್ಲಿ ಚಿಕ್ಕಬಳ್ಳಾಪುರಕ್ಕೆ ಕೆಎ 40, ಚಿಂತಾಮಣಿಗೆ ಕೆಎ 67. ಕೋಲಾರ ಕಂದಾಯ ಜಿಲ್ಲೆಯೊಳಗೆ ಕೆಜಿಎಫ್‌ಗೆ ಪ್ರತ್ಯೇಕ ಪೊಲೀಸ್ ಜಿಲ್ಲೆ ಇದೆ. ಅಪರಾಧದ ಅಂಕಿಗಳಲ್ಲಿ 'ಕೋಲಾರ' ಎಂದರೆ ಇಡೀ ಜಿಲ್ಲೆ ಅಲ್ಲ. ತುಮಕೂರು ಕಂದಾಯ ಜಿಲ್ಲೆಯಲ್ಲಿ ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆ ಓದುವ ಹೊರಗಿನವರು ಮಧುಗಿರಿ ಯಾವಾಗ ಜಿಲ್ಲೆಯಾಯಿತು ಎಂದು ಗಾಬರಿಯಾಗುವುದುಂಟು.

ಹೀಗಾಗಿ ಎರಡನೆಯ ಹಾಳೆಯಲ್ಲಿ ನಿಮ್ಮ ಊರಿನ ಹೆಸರು ನಡುವೆ ಬರೆದು ಸುತ್ತ ಇವನ್ನು ತುಂಬಿಸಿ: ಕಂದಾಯ ವೃತ್ತ, ಹೋಬಳಿ, ತಾಲ್ಲೂಕು, ಗ್ರಾಮ ಪಂಚಾಯಿತಿ, ವಿಧಾನಸಭಾ ಕ್ಷೇತ್ರ, ಲೋಕಸಭಾ ಕ್ಷೇತ್ರ, ಪೊಲೀಸ್ ಠಾಣೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಬೆಸ್ಕಾಂ ಉಪವಿಭಾಗ, ಪಿನ್ ಕೋಡ್. ಊರಿನ ಮೂವರು ಹಿರಿಯರನ್ನು ಕೇಳಿದರೆ ಮುಕ್ಕಾಲು ಪಾಲು ತುಂಬುತ್ತದೆ. ಬೆಸ್ಕಾಂ ಉಪವಿಭಾಗ ಗೊತ್ತಿಲ್ಲ ಎಂದರೆ ವಿದ್ಯುತ್ ಬಿಲ್ ತಿರುಗಿಸಿ ನೋಡಿ.

ನಾಲ್ಕನೆಯ ಹೆಜ್ಜೆ: ಸಂಖ್ಯೆ ಎಲ್ಲಿಂದ ತರುವುದು

ಈಗ ಸಂಖ್ಯೆಗೆ ಕೈ ಹಾಕಬಹುದು. ಮೊದಲ ಆಕರ ಜಿಲ್ಲಾ ಜನಗಣತಿ ಕೈಪಿಡಿ. ಪ್ರತಿ ಜಿಲ್ಲೆಗೂ ಎರಡು ಭಾಗಗಳಲ್ಲಿ ಇದು ಬರುತ್ತದೆ, ಜನಗಣತಿ ಇಲಾಖೆಯ ಜಾಲತಾಣದಲ್ಲಿ ಉಚಿತ. 'ಎ' ಭಾಗದಲ್ಲಿ ಗ್ರಾಮ ಮತ್ತು ಪಟ್ಟಣಗಳ ಸೌಲಭ್ಯದ ವಿವರ: ಶಾಲೆ, ಆಸ್ಪತ್ರೆ, ನೀರು, ರಸ್ತೆ. 'ಬಿ' ಭಾಗದಲ್ಲಿ ಊರೂರಿನ ತಲೆ ಲೆಕ್ಕ. 2011ರ ಜನಗಣತಿಯಲ್ಲಿ ಕರ್ನಾಟಕದ ಸಂಕೇತ 29, ಕೋಲಾರದ್ದು 581, ಚಿಕ್ಕಬಳ್ಳಾಪುರದ್ದು 582. ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತವಿದೆ. ಅದನ್ನು ತಪ್ಪದೆ ಬರೆದುಕೊಳ್ಳಿ. ಏಕೆ ಎಂಬುದು ಆರನೆಯ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಎರಡನೆಯ ಆಕರ ಜಿಲ್ಲಾ ಸಾಂಖ್ಯಿಕ ಅಧಿಕಾರಿಗಳ ಕಚೇರಿ ಹೊರತರುವ 'ಜಿಲ್ಲೆಯ ಅಂಕಿ ಅಂಶಗಳ ನೋಟ'. ಮಳೆ, ಬೆಳೆ, ಜಾನುವಾರು, ಶಾಲೆ, ಬ್ಯಾಂಕು ಎಲ್ಲವೂ ತಾಲ್ಲೂಕುವಾರು ಸಿಗುತ್ತವೆ. ಅಲ್ಲಿಯ ಜನಸಂಖ್ಯೆಯ ಕಂಬಸಾಲು ಜನಗಣತಿಯಿಂದಲೇ ಎರವಲು ತಂದದ್ದು, ಪುಸ್ತಕದ ಮೇಲೆ ಯಾವ ವರ್ಷ ಅಚ್ಚಾಗಿದ್ದರೂ ಸರಿ.

ಒಂದು ಎಚ್ಚರಿಕೆ. ಜನಗಣತಿ ಮುಗಿದ ಕೆಲವೇ ವಾರಗಳಲ್ಲಿ ತಾತ್ಕಾಲಿಕ ಅಂಕಿಗಳು ಹೊರಬೀಳುತ್ತವೆ, ಅಂತಿಮ ಅಂಕಿಗಳು ತಡವಾಗಿ ಬರುತ್ತವೆ. ಪತ್ರಿಕೆಗಳಲ್ಲಿ, ಪರೀಕ್ಷೆಯ ಗೈಡುಗಳಲ್ಲಿ ಇಂದಿಗೂ ತಾತ್ಕಾಲಿಕ ಅಂಕಿಗಳೇ ಓಡಾಡುತ್ತಿವೆ. ಚಿಕ್ಕಬಳ್ಳಾಪುರದ ಲಿಂಗಾನುಪಾತ (ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕ) ಒಂದು ಕಡೆ 968, ಇನ್ನೊಂದು ಕಡೆ 972 ಎಂದು ಕಂಡರೆ ಒಂದು ಸುಳ್ಳು ಎಂದಲ್ಲ. ಮೊದಲನೆಯದು ತಾತ್ಕಾಲಿಕ, ಎರಡನೆಯದು ಅಂತಿಮ. ಅಂತಿಮವನ್ನೇ ಬಳಸಿ.

ಐದನೆಯ ಹೆಜ್ಜೆ: ನೀವೇ ಲೆಕ್ಕ ಹಾಕಿ

ಸಿದ್ಧ ಶೇಕಡಾವಾರು ನಕಲು ಮಾಡುವ ಬದಲು ಒಂದು ಸಲವಾದರೂ ಕೈಯಾರೆ ಭಾಗಿಸಿ ನೋಡಿ. 2011ರ ಅಂತಿಮ ಲೆಕ್ಕದಂತೆ ಜಿಲ್ಲೆಯಲ್ಲಿ ಗಂಡಸರು 6,36,437, ಹೆಂಗಸರು 6,18,667. ಹೆಂಗಸರ ಸಂಖ್ಯೆಯನ್ನು ಗಂಡಸರ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 972. ಒಟ್ಟು ಜನರನ್ನು ಜಿಲ್ಲೆಯ 4,244 ಚದರ ಕಿಲೋಮೀಟರಿನಿಂದ ಭಾಗಿಸಿದರೆ ಸಾಂದ್ರತೆ 296. 2001ರ 11,49,007ಕ್ಕೂ 2011ರ 12,55,104ಕ್ಕೂ ನಡುವಿನ ವ್ಯತ್ಯಾಸ 1,06,097; ಅಂದರೆ ಹತ್ತು ವರ್ಷಗಳಲ್ಲಿ ಶೇಕಡ 9.2ರ ಬೆಳವಣಿಗೆ. ಅದೇ ಅವಧಿಯಲ್ಲಿ ರಾಜ್ಯ ಬೆಳೆದದ್ದು ಶೇಕಡ 15.6. ಮರುಗುವುದಿದ್ದರೆ ಈ ಸಂಖ್ಯೆಯ ಮುಂದೆ ಕೂತು ಮರುಗಬಹುದು. ನಮ್ಮ ಹುಡುಗರು ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿ ವಾಸವಿದ್ದರೆ ಅವರನ್ನು ಎಣಿಸುವುದು ಅಲ್ಲಿ, ಹಬ್ಬಕ್ಕೆ ಮಾತ್ರ ಅವರು ನಮ್ಮವರು.

ಸಾಕ್ಷರತೆಯಲ್ಲಿ ಎಲ್ಲರೂ ಎಡವುತ್ತಾರೆ. ಜನಗಣತಿಯಲ್ಲಿ ಏಳು ವರ್ಷ ಮತ್ತು ಮೇಲ್ಪಟ್ಟವರ ಸಾಕ್ಷರತೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಊರಿನಲ್ಲಿ ಸಾವಿರ ಜನ, ಅವರಲ್ಲಿ ಏಳು ವರ್ಷ ತುಂಬದ ಮಕ್ಕಳು 110, ಸಾಕ್ಷರರು 600 ಎಂದುಕೊಳ್ಳಿ. ಸಾಕ್ಷರತೆ ಶೇಕಡ 60 ಅಲ್ಲ. 600ನ್ನು 890ರಿಂದ ಭಾಗಿಸಬೇಕು, ಬರುವುದು 67ಕ್ಕಿಂತ ತುಸು ಹೆಚ್ಚು. ತೊಟ್ಟಿಲಲ್ಲಿ ಮಲಗಿರುವ ಕೂಸನ್ನು ಅನಕ್ಷರಸ್ಥರ ಪಟ್ಟಿಗೆ ಸೇರಿಸಿ ಊರಿನ ಮಾನ ಕಳೆಯಬೇಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇಕಡ 70ರ ಹತ್ತಿರವಿತ್ತು.

'ಕುಟುಂಬ' ಎಂಬ ಪದಕ್ಕೂ ಜನಗಣತಿಯಲ್ಲಿ ಬೇರೆ ಅರ್ಥ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡಿದ್ದರೆ ಎರಡು ಕುಟುಂಬ. ಪಡಿತರ ಚೀಟಿಯ ಕುಟುಂಬ ಇನ್ನೊಂದು, ಉದ್ಯೋಗ ಖಾತರಿ ಚೀಟಿಯ ಕುಟುಂಬ ಮತ್ತೊಂದು. ಇವನ್ನು ಒಂದಕ್ಕೊಂದು ತಾಳೆ ಹಾಕಲು ಹೊರಟರೆ ತಲೆ ಕೆಡುತ್ತದೆ.

ದುಡಿಯುವವರ ಕಂಬಸಾಲುಗಳನ್ನು ಮಾತ್ರ ನಿಧಾನವಾಗಿ ಓದಬೇಕು. ವರ್ಷಕ್ಕೆ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು, ಕಡಿಮೆ ದುಡಿದವರು ಅಂಚಿನ ದುಡಿಮೆಗಾರರು. ಮತ್ತೆ ಅವರಲ್ಲಿ ನಾಲ್ಕು ಗುಂಪು: ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಉದ್ಯಮದವರು, ಇತರರು. ಮನೆಯಲ್ಲೇ ರೇಷ್ಮೆ ನೂಲು ಬಿಚ್ಚುವ ಶಿಡ್ಲಘಟ್ಟದ ಕುಟುಂಬ ಮನೆ ಉದ್ಯಮಕ್ಕೆ ಸೇರುತ್ತದೆ. ಇನ್ನು ತಿಪಟೂರಿಗೆ ಹೋದರೆ ದೊಡ್ಡ ತಮಾಷೆ ಇದೆ. ಜನಗಣತಿಯ ವ್ಯಾಖ್ಯೆಯಲ್ಲಿ ಸಾಗುವಳಿ ಎಂದರೆ ರಾಗಿ, ಕಡಲೆಕಾಯಿ, ಕಬ್ಬು, ತರಕಾರಿ, ಹಣ್ಣು ಎಲ್ಲ ಬರುತ್ತವೆ. ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ ಮಾತ್ರ ಬರುವುದಿಲ್ಲ, ಅವು ತೋಟದ ಬೆಳೆಗಳು. ಐವತ್ತು ವರ್ಷಗಳಿಂದ ತೆಂಗಿನ ಬುಡ ಬಿಟ್ಟು ಅಲ್ಲಾಡದ ರೈತ ಜನಗಣತಿಯ ಕಣ್ಣಲ್ಲಿ ಸಾಗುವಳಿದಾರನಲ್ಲ, 'ಇತರ' ದುಡಿಮೆಗಾರ! ತಿಪಟೂರು, ಗುಬ್ಬಿ, ತುರುವೇಕೆರೆಯ ಕೋಷ್ಟಕ ನೋಡಿ 'ಇಲ್ಲಿ ಜನ ಕೃಷಿ ತೊರೆಯುತ್ತಿದ್ದಾರೆ' ಎಂದು ತೀರ್ಮಾನಿಸುವ ಮುನ್ನ ಇದನ್ನು ನೆನಪಿಸಿಕೊಳ್ಳಿ.

ಪರಿಶಿಷ್ಟ ಜಾತಿ, ಪಂಗಡಗಳ ಕಂಬಸಾಲು ಈ ಭಾಗಕ್ಕೆ ಬಹಳ ಮುಖ್ಯ. ಚಿಕ್ಕಬಳ್ಳಾಪುರ ಜಿಲ್ಲೆಯ ಜನರಲ್ಲಿ ಕಾಲು ಭಾಗದಷ್ಟು ಪರಿಶಿಷ್ಟ ಜಾತಿಯವರು, ಎಂಟರಲ್ಲಿ ಒಂದು ಭಾಗ ಪರಿಶಿಷ್ಟ ಪಂಗಡದವರು. ಕೋಲಾರದಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇಕಡ 30ರಷ್ಟು, ರಾಜ್ಯದಲ್ಲೇ ಹೆಚ್ಚು. ಪಂಚಾಯಿತಿ ಸ್ಥಾನಗಳ ಮೀಸಲಾತಿ ನಿಂತಿರುವುದು ಇದೇ ಅಂಕಿಗಳ ಮೇಲೆ, ಆದ್ದರಿಂದ ಊರುಮಟ್ಟದ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಿ.

ಆರನೆಯ ಹೆಜ್ಜೆ: ಊರು ಎಂದರೆ ಯಾವುದು?

ಕೋಷ್ಟಕದಲ್ಲಿ ನಿಮ್ಮ ಊರೇ ಇಲ್ಲದಿದ್ದರೆ? ಸಾಮಾನ್ಯವಾಗಿ ಕಾರಣ ಒಂದೇ. ಜನಗಣತಿಯ 'ಗ್ರಾಮ' ಎಂದರೆ ಕಂದಾಯ ಗ್ರಾಮ: ತನ್ನದೇ ಗಡಿ, ನಕ್ಷೆ, ಸರ್ವೆ ನಂಬರುಗಳಿರುವುದು. ಗೊಲ್ಲರಹಟ್ಟಿ, ತಾಂಡ, ಹೊಸ ಕಾಲೋನಿ, ತೋಟದ ಮನೆಗಳ ಗುಂಪು ಎಷ್ಟೋ ಕಡೆ ಬೇರೆ ಊರಿನಂತೆಯೇ ಬಾಳುತ್ತವೆ. ಅವಕ್ಕೆ ತಮ್ಮದೇ ದೇವಸ್ಥಾನ, ಶಾಲೆ, ಜಗಳ ಎಲ್ಲ ಇರುತ್ತವೆ. ಆದರೆ ಕಂದಾಯ ಗ್ರಾಮವಾಗಿ ಘೋಷಣೆಯಾಗದಿದ್ದರೆ ಅವರ ತಲೆಗಳು ಮೂಲ ಗ್ರಾಮದ ಲೆಕ್ಕದಲ್ಲಿ ಕರಗಿರುತ್ತವೆ. ಇಂಥ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ಕೆಲಸ ರಾಜ್ಯದಲ್ಲಿ ಕೆಲವು ವರ್ಷಗಳಿಂದ ನಡೆದಿದೆ. ನಿಮ್ಮ ಹಟ್ಟಿಯ ಸ್ಥಿತಿ ಏನೆಂದು ತಹಶೀಲ್ದಾರರ ಕಚೇರಿಯಲ್ಲಿ ಕೇಳಬಹುದು.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಪಟ್ಟಿಯಲ್ಲಿ ಗ್ರಾಮವಿದೆ, ಸರ್ವೆ ನಂಬರುಗಳಿವೆ, ಜನಸಂಖ್ಯೆಯ ಜಾಗದಲ್ಲಿ ಸೊನ್ನೆ. ಅದು ಬೇಚರಾಕ್ ಗ್ರಾಮ, ದೀಪವಿಲ್ಲದ ಊರು. ಹೊಲಕ್ಕೆ ಹೋದರೆ ಒಂದು ಮುರುಕು ಗುಡಿ, ಕಲ್ಲಿನ ಕಂಬ, ಹುಣಸೆಮರ ಸಿಗಬಹುದು. ಜಿಲ್ಲೆಯ ಗ್ರಾಮಗಳ ಸಂಖ್ಯೆ ಬರೆಯುವಾಗ ಜನವಸತಿ ಇರುವವು ಎಷ್ಟು, ಬೇಚರಾಕ್ ಎಷ್ಟು ಎಂದು ಬೇರೆ ಮಾಡಿ. ಎರಡು ಪುಸ್ತಕಗಳಲ್ಲಿ ಗ್ರಾಮಗಳ ಸಂಖ್ಯೆ ಬೇರೆ ಬೇರೆ ಕಂಡರೆ ಗುಟ್ಟು ಬಹುತೇಕ ಇಲ್ಲೇ ಅಡಗಿರುತ್ತದೆ.

ಮೂರನೆಯ ತೊಡಕು ಒಂದೇ ಹೆಸರಿನ ಊರುಗಳು. ಹೊಸಹಳ್ಳಿ, ಗೊಲ್ಲಹಳ್ಳಿ, ಅಗ್ರಹಾರ ಇವು ತಾಲ್ಲೂಕಿಗೆ ಒಂದೆರಡಾದರೂ ಇರುತ್ತವೆ. ಚೇಳೂರು ತಾಲ್ಲೂಕಿನ ಸುದ್ದಿ ಹುಡುಕುವವರಿಗೆ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಹಣ್ಣಿನ ಸುದ್ದಿ ಸಿಗುವುದೂ ಉಂಟು. ಅದಕ್ಕೇ ಆ ಆರಂಕಿಯ ಸಂಕೇತ ಬರೆದುಕೊಳ್ಳಿ ಎಂದದ್ದು. ಪಂಚಾಯಿತಿ ವ್ಯವಸ್ಥೆಯಲ್ಲಿ ಬಳಸುವ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲೂ ಸಂಕೇತಗಳಿವೆ, ಯಾವುದು ಎಲ್ಲಿಯದು ಎಂದು ಗುರುತು ಹಾಕಿಕೊಳ್ಳಿ. ಬಾಗೇಪಲ್ಲಿ, ಚೇಳೂರು ಕಡೆ ಮನೆಮಾತು ತೆಲುಗು ಇರುವ ಊರುಗಳು ಹೆಚ್ಚು. ಊರವರು ಪಲ್ಲಿ ಎಂದದ್ದನ್ನು ಕಡತ ಹಳ್ಳಿ ಎಂದಿರುತ್ತದೆ; ಬಾಯಿಮಾತಿನ ಹೆಸರನ್ನೂ ಪಕ್ಕದಲ್ಲಿ ಬರೆದಿಟ್ಟರೆ ಮುಂದಿನವರಿಗೆ ಉಪಕಾರ.

ಏಳನೆಯ ಹೆಜ್ಜೆ: ಇವತ್ತಿನ ಲೆಕ್ಕ ಬೇಕಿದ್ದರೆ

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಜಿಲ್ಲೆ 2001ರಿಂದ 2011ರವರೆಗಿನ ವೇಗದಲ್ಲೇ ಬೆಳೆದಿದೆ ಎಂದುಕೊಂಡರೆ 2021ಕ್ಕೆ 13.7 ಲಕ್ಷದಷ್ಟಾಗುತ್ತದೆ. ಇದು ಗುಣಾಕಾರ, ಗಣತಿಯಲ್ಲ. ಬರೆಯುವಾಗ 'ಅಂದಾಜು' ಎಂಬ ಪದ ಬಿಡಬೇಡಿ.

ಊರಿನ ಮಟ್ಟಕ್ಕೆ ಇಳಿದರೆ ಅಂದಾಜಿಗಿಂತ ಒಳ್ಳೆಯ ದಾರಿ ಇದೆ: ಅಂಗನವಾಡಿ ಕಾರ್ಯಕರ್ತೆಯ ಸಮೀಕ್ಷಾ ಪುಸ್ತಕ. ಯಾವ ಮನೆಯಲ್ಲಿ ಯಾರು ಬಸುರಿ, ಯಾರು ಬಾಣಂತಿ, ಯಾವ ಸೊಸೆ ಹೊಸದಾಗಿ ಬಂದಳು, ಯಾವ ಮಗಳು ಮದುವೆಯಾಗಿ ಹೋದಳು ಎಂಬುದು ಅವರಿಗೂ ಆಶಾ ಕಾರ್ಯಕರ್ತೆಗೂ ಗೊತ್ತಿರುವಷ್ಟು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಮಧ್ಯಾಹ್ನ ಮಕ್ಕಳ ಊಟ ಮುಗಿದ ಮೇಲೆ ಹೋಗಿ, "ಅಕ್ಕಾ, ನಮ್ಮ ಬೀದಿಯಲ್ಲಿ ಒಟ್ಟು ಎಷ್ಟು ಜನ, ಆರು ವರ್ಷದೊಳಗಿನ ಮಕ್ಕಳೆಷ್ಟು?" ಎಂದು ಮರ್ಯಾದೆಯಿಂದ ಕೇಳಿ. ಒಟ್ಟು ಸಂಖ್ಯೆ ಮಾತ್ರ ಬರೆದುಕೊಳ್ಳಿ; ಹೆಸರುಗಳು, ಯಾರ ಮನೆಯಲ್ಲಿ ಏನು ಎಂಬುದು ನಿಮಗೆ ಬೇಡ. ಮತದಾರರ ಪಟ್ಟಿಯಲ್ಲಿ ಹದಿನೆಂಟು ತುಂಬಿದವರು ಮಾತ್ರ ಇರುತ್ತಾರೆ, ಊರು ಬಿಟ್ಟು ವರ್ಷಗಳಾದವರ ಹೆಸರೂ ಉಳಿದಿರಬಹುದು. ಅದನ್ನೇ ಜನಸಂಖ್ಯೆ ಎಂದು ಹಿಡಿಯಲಾಗದು.

ಕಚೇರಿಯಿಂದ ಕಾಗದ ಬೇಕಾದರೆ ಮೊದಲು ನೇರವಾಗಿ ಹೋಗಿ ಕೇಳಿ. ಪಂಚಾಯಿತಿಯಲ್ಲಿ ಗ್ರಾಮಗಳ ಪಟ್ಟಿ, ಸದಸ್ಯ ಸ್ಥಾನಗಳ ವಿವರ ಗೋಡೆಯ ಮೇಲೇ ಬರೆದಿರುವುದುಂಟು. ಸಂತೆಯ ದಿನ, ಸಭೆಯ ದಿನ ಹೋಗಬೇಡಿ. ಕೇಳಿದರೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 'ತಾಲ್ಲೂಕಿನ ಸಮಗ್ರ ಮಾಹಿತಿ ಕೊಡಿ' ಎಂದು ಬರೆದರೆ ಅರ್ಜಿ ತಿರುಗಿ ಬರುತ್ತದೆ. 'ಇಂಥ ಹೋಬಳಿಯ ಕಂದಾಯ ಗ್ರಾಮಗಳು ಮತ್ತು ಬೇಚರಾಕ್ ಗ್ರಾಮಗಳ ಪಟ್ಟಿಯ ಪ್ರತಿ' ಎಂದು ಬರೆದರೆ ಪ್ರತಿ ಬರುತ್ತದೆ.

ಕೊನೆಯ ಹಾಳೆ

ಇಷ್ಟಾದ ಮೇಲೆ ಎಲ್ಲವನ್ನೂ ಎರಡು ಪುಟಕ್ಕೆ ಇಳಿಸಿ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಮೂರು ವಿಷಯ ಇರಲಿ: ಯಾವ ವರ್ಷದ್ದು, ಯಾವ ಗಡಿಯೊಳಗಿನದು, ಎಣಿಸಿದ್ದೋ ಅಂದಾಜೋ. ಪೂರ್ಣಾಂಕಕ್ಕೆ ತಂದಿದ್ದರೆ 'ಸುಮಾರು' ಎಂದು ಬರೆಯಿರಿ.

ಬಲಗಡೆ ಒಂದು ಕಂಬಸಾಲು ಖಾಲಿ ಬಿಡಿ. 2025ರ ಜೂನ್ 16ರ ಅಧಿಸೂಚನೆಯಂತೆ ನಮ್ಮ ಭಾಗದ ಮುಂದಿನ ಜನಗಣತಿಯ ಉಲ್ಲೇಖ ದಿನ, ಅಂದರೆ ಯಾವ ದಿನದ ಜನಸಂಖ್ಯೆ ಲೆಕ್ಕಕ್ಕೆ ಬರುತ್ತದೋ ಆ ದಿನ, 2027ರ ಮಾರ್ಚ್ 1. ಅದಕ್ಕಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಇದ್ದಂತೆ ಹಿಡಿದಿಡಲಾಗಿದೆ. ಮಂಚೇನಹಳ್ಳಿ, ಚೇಳೂರಿಗೆ ತಮ್ಮದೇ ಸಾಲು ಸಿಗುವುದು ಆಗಲೇ. ಆ ಪುಸ್ತಕ ಬಂದ ದಿನ ಗೌರಿಬಿದನೂರು ಮತ್ತು ಬಾಗೇಪಲ್ಲಿಯ ಜನಸಂಖ್ಯೆ 2011ಕ್ಕಿಂತ ಕುಸಿದಂತೆ ಕಾಣಬಹುದು, ಯಾರಾದರೊಬ್ಬರು ವಲಸೆಯ ಬಗ್ಗೆ ಪುಟವಿಡೀ ಮರುಗಿ ಬರೆಯಲೂಬಹುದು. ನಿಮ್ಮ ಬಳಿ ಮೊದಲ ಹಾಳೆ ಇರುತ್ತದಲ್ಲ, ತೋರಿಸಿ.